ಮೊಟಕು ಸಾಲುಗಳು

ಸೋಮವಾರ, ಮಧ್ಯಾಹ್ನ

ಕತ್ತರಿ ಮಹಾಶಯರ ಸನ್ನಿಧಿಗೆ,

ತಮ್ಮ ಕೈಗೆ ಸಿಕ್ಕಿ ಅಳಿದುಳಿದ ಸಾಲುಗಳ ಒಡತಿ ಮಾಡುವ ನಮಸ್ಕಾರಗಳು.

ಬಹುವಚನ ಇಲ್ಲಿಗೆ ಸಾಕು. ವರ್ಷವಿಡೀ ನಿನಗೆ ಹೀಗೆ ಚುಚ್ಚುತ್ತಲೇ ಪತ್ರ ಶುರುಮಾಡಿ ರೂಢಿಯಾಗಿಬಿಟ್ಟಿದೆ. ಇವತ್ತೂ ಕೈ ತಾನಾಗಿಯೇ ಬರೆಯಿತು, ಹೊಡೆದುಹಾಕಲು ಹೋಗಲಿಲ್ಲ. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿ ಹೋಗಿದ್ದರೆ ಹೊಂದಿಸಿಕೊಂಡು ಓದು. ನನ್ನ ಅಕ್ಷರ ಓದಿ ಓದಿ ನಿನ್ನ ಕಣ್ಣು ಹಾಳಾಯಿತೆಂದು ಮದುವೆಯಾದ ಹೊಸದರಲ್ಲೇ ಹೇಳಿದವನು ನೀನು.

ಶನಿವಾರದ ತಾಲೀಮಿಗೆ ನೀನು ಬರಲಿಲ್ಲ. ಬೇರೆ ಕೆಲಸ ಬಿತ್ತು ಎಂದು ನಿರ್ದೇಶಕಿಗೆ ಹೇಳಿ ಕಳಿಸಿದ್ದೆಯಂತೆ. ಮುಗಿದಿರುವ ಮೂರು ಹಾಡುಗಳನ್ನು ಮೊದಲ ಸಲ ಒಟ್ಟಿಗೆ ಕೇಳುವ ದಿನ, ಸಂಗೀತ ಕೊಟ್ಟವನಿಗೇ ಬೇರೆ ಕೆಲಸ. ಮದುವೆ ಗಂಡೇ ಮಂಟಪಕ್ಕೆ ಬರಲಿಲ್ಲ ಎಂದು ಕ್ಲಾರಿನೆಟ್ಟಿನವರು ನಕ್ಕರು. ನಾನೂ ನಕ್ಕೆ. ನನ್ನನ್ನು ನೋಡಬೇಕಾಗುತ್ತದೆ ಎಂದೇ ತಪ್ಪಿಸಿಕೊಂಡಿದ್ದಾನೆ ಎಂದುಕೊಂಡೆ. ನನ್ನ ಬಗ್ಗೆ ನನಗೆ ಅಷ್ಟು ದೊಡ್ಡ ಭ್ರಮೆ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನೀನು ಕೇಳುತ್ತಿರುವಾಗ ನನಗೆ ಕ್ರಮವಾಗಿ ಹೇಳಲು ಆಗುತ್ತಿರಲಿಲ್ಲ, ಅರ್ಧಕ್ಕೇ ನೀನು ಬಾಯಿ ಹಾಕುತ್ತಿದ್ದೆ. ಕಾಗದದಲ್ಲಿ ಆ ಭಯವಿಲ್ಲ.

ಆರು ವರ್ಷ ಒಬ್ಬರ ಮುಖ ಒಬ್ಬರು ನೋಡದ ನಮ್ಮಿಬ್ಬರನ್ನು ಮತ್ತೆ ಒಂದೇ ನೊಗಕ್ಕೆ ಕಟ್ಟಿದವಳು ನಿರ್ದೇಶಕಿ. ಒಬ್ಬಳೇ ಹಾಡುವ ಸಣ್ಣ ಒಪೆರಾ ಮಾಡೋಣ, ಮಾತು ನಿಮ್ಮದು, ಸಂಗೀತ ಅವರದು ಎಂದು ಅವಳು ಹೇಳಿದಾಗ ನಾನು ಆಗುವುದಿಲ್ಲ ಎಂದಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ ಎಂದು ಅವಳು ನಗಿಸಲು ನೋಡಿದಳು. ನಾವು ಉಂಡೂ ಆಯಿತು, ಮಲಗಿಯೂ ಆಯಿತು, ಜಗಳ ಮಾತ್ರ ಎದ್ದೇ ಕೂತಿತ್ತು ಎಂದೆ. ಕೊನೆಗೆ ಒಪ್ಪಿಕೊಂಡದ್ದು ಒಂದು ಕರಾರಿನ ಮೇಲೆ. ಭೇಟಿಯಿಲ್ಲ, ಫೋನಿಲ್ಲ, ಎಲ್ಲ ಅಂಚೆಯಲ್ಲಿ. ನಾನು ಮಾತು ಬರೆದು ಕಳಿಸುವುದು. ನೀನು ಪಿಯಾನೋ ಮುಂದೆ ಕೂತು ಸ್ವರ ಹಾಕಿ, ನಿನ್ನ ಆ ಕಾಗೆ ಕಂಠದಲ್ಲೇ ಹಾಡಿ, ಧ್ವನಿಮುದ್ರಿಸಿ ಗಾಯಕಿಗೆ ಕಳಿಸುವುದು. ಅವಳು ಅದನ್ನು ಕೇಳಿ ಕಲಿಯುವುದು.

ಕಥೆ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಎರಡು ದಿನದಲ್ಲಿ ಅದು ನನ್ನ ಕಣ್ಣಿಗೆ ಬೇರೆಯಾಗಿ ಕಾಣುತ್ತಿದೆ. ಬೂಟು ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುವ ಹೆಂಗಸು. ಅಂಟು ಕಾಯಿಸುವ ಕೊಠಡಿಯಲ್ಲಿ ಅವಳ ಗಂಡ. ಆ ಕೊಠಡಿಗೆ ಬೆಂಕಿ ಬೀಳುತ್ತದೆ. ಸತ್ತವರ ಮುಖ ಗುರುತು ಸಿಗುವಂತಿಲ್ಲ, ಕಾಲಿನ ಬೂಟಿನಿಂದಲೇ ಯಾರು ಯಾರವರೆಂದು ಹೇಳಬೇಕು. ಬೆಳಿಗ್ಗೆಯಿಂದ ಅವಳು ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ, ಬೆಂಚಿನ ಮೇಲೆ ಕೂತಿದ್ದಾಳೆ. ಸಂಜೆಗೆ ಅವಳ ಸರದಿ. ಒಳಗೆ ಹೋಗಿ ಅವಳು ಏನು ಹೇಳುತ್ತಾಳೆ ಎಂಬುದೇ ಕೊನೆಯ ಹಾಡು. ನೀನು ‘ಇವನೇ’ ಎಂದು ಹೇಳಲಿ ಎಂದೆ. ನಾನು ‘ಅಲ್ಲ’ ಎಂದು ಹೇಳಿ ವಾಪಸ್ ಬೆಂಚಿಗೆ ಬರಲಿ ಎಂದೆ, ಅಲ್ಲ ಎಂದರೆ ಇನ್ನೂ ಕಾಯುತ್ತಾ ಇರಬಹುದಲ್ಲ. ಹೆಂಗಸರು ಹಾಗೆ ಮಾಡುವುದಿಲ್ಲ ಎಂದು ನೀನು ಬರೆದೆ. ಹೆಂಗಸರು ಏನು ಮಾಡುತ್ತಾರೆಂದು ನಿನಗೆ ಯಾವಾಗ ಗೊತ್ತಾಯಿತು ಎಂದು ನಾನು ಬರೆದೆ. ಹಗ್ಗ ಎಳೆದದ್ದು ಸಾಕಾಗಿ ಆ ಹಾಡನ್ನು ಕೊನೆಗೆ ಬಿಟ್ಟುಕೊಂಡೆವು.

ಮೊದಲ ಹಾಡಿಗೆ ನಾನು ಕಳಿಸಿದ ಸಾಲು ನೆನಪಿರಬೇಕು. ‘ಬೆಳಿಗ್ಗೆ ನೀನು ಬಾಗಿಲೆಳೆದುಕೊಂಡು ಹೊರಟಾಗ ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ’. ಅದನ್ನು ನೀನು ‘ನೀನು ಹೊರಟಾಗ ಹಾಲು ಉಕ್ಕಿರಲಿಲ್ಲ’ ಎಂದು ಮಾಡಿದೆ. ಬಾಗಿಲು ಹೋಯಿತು, ಬೆಳಗೂ ಹೋಯಿತು. ಅಂಚಿನಲ್ಲಿ ನಿನ್ನ ಸಣ್ಣ ಅಕ್ಷರದಲ್ಲಿ ‘ಉಸಿರು ಸಾಲದು, ಮೊಟಕು ಮಾಡು’. ಎರಡನೆಯ ಹಾಡು ಬಂದಾಗ ಅರ್ಧದಲ್ಲಿ ಅರ್ಧ ಕತ್ತರಿಸಿದೆ. ಅಲ್ಲೂ ಅದೇ ಬರಹ. ಮೂರನೆಯದರಲ್ಲಿ ಎರಡು ಪದ, ನಿಲುಗಡೆ, ಎರಡು ಪದ, ನಿಲುಗಡೆ. ಕೊನೆಕೊನೆಗೆ ಒಂದೊಂದೇ ಪದ.

ನನಗೆ ಮೈ ಉರಿದುಹೋಗುತ್ತಿತ್ತು. ನಾನು ಆ ಮನೆ ಬಿಟ್ಟದ್ದೇ ಇದಕ್ಕೆ. ಊಟಕ್ಕೆ ಕೂತಾಗ, ನಾಲ್ಕು ಜನರ ಮುಂದೆ, ನಾನೊಂದು ಮಾತು ಶುರುಮಾಡಿದರೆ ಅದನ್ನು ನೀನು ಮುಗಿಸುತ್ತಿದ್ದೆ, ಅದೂ ತಪ್ಪಾಗಿ. ಈಗ ಬರವಣಿಗೆಯಲ್ಲೂ ನನ್ನ ಬಾಯಿ ಮುಚ್ಚಿಸಲು ದಾರಿ ಹುಡುಕಿಕೊಂಡಿದ್ದಾನೆ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಿರ್ದೇಶಕಿಯ ಮುಂದೆ ಹೇಳಿದೆ. ನಿನಗೂ ಬರೆದೆ. ನಿನಗೆ ಉಸಿರು ಸಾಲದಿದ್ದರೆ ಅದು ನನ್ನ ಸಾಲಿನ ತಪ್ಪಲ್ಲ, ನಿನ್ನ ಸೋಮಾರಿತನದ್ದು, ದಿನಾ ಬೆಳಿಗ್ಗೆ ಎದ್ದು ನಡೆಯಲು ಹೋಗು ಎಂದು. ನಿನ್ನ ಉತ್ತರ ಬಂತು: ‘ಸರಿ. ಆದರೂ ಮೊಟಕು ಮಾಡು.’

ಬೇರೆಯವರಿಗೆ ಈ ಮೊಟಕು ಸಾಲುಗಳು ಭಾರಿ ಹಿಡಿಸಿದವು. ಎಂಥ ಮಿತಿ, ಎಂಥ ಮೌನ ಎಂದು ನಿರ್ದೇಶಕಿ ಕಣ್ಣು ಮುಚ್ಚಿ ತಲೆದೂಗಿದಳು. ಹೊಸ ಶೈಲಿಯೊಂದು ಹುಟ್ಟಿದೆ ಎಂದು ಅವಳ ಪರಿಚಯದ ಪತ್ರಕರ್ತನೊಬ್ಬ ಹೇಳಿದನಂತೆ. ಸುಳ್ಳೇಕೆ, ಹೊಗಳಿಕೆಯಲ್ಲಿ ನನ್ನ ಪಾಲನ್ನು ನಾನೂ ತೆಗೆದುಕೊಂಡೆ.

ಈಗ ಶನಿವಾರಕ್ಕೆ ಬರುತ್ತೇನೆ. ತಾಲೀಮು ನಡೆಯುವುದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿ, ನಿನಗೆ ಗೊತ್ತು. ಕೆಳಗೆ ಯಂತ್ರ ಓಡಿದರೆ ಮೇಲೆ ಪಿಯಾನೋ ಮೇಲಿಟ್ಟ ಲೋಟ ನಡುಗುತ್ತದೆ. ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿ ಬೆಂಚಿನ ಜಾಗ ಗುರುತು ಮಾಡಿದ್ದರು. ಬೆಂಚು ಇನ್ನೂ ಬಂದಿಲ್ಲ, ಗಾಯಕಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ನಾವೆಲ್ಲ ಅವಳನ್ನು ಗಂಟೆ ಎಂದು ಕರೆಯುವುದು ನಿನಗೂ ಗೊತ್ತು. ಅವಳು ಕೆಮ್ಮಿದರೂ ಖಣ್ ಎನ್ನುತ್ತದೆ. ಈಜುಗಾತಿ, ಅಗಲ ಭುಜ, ಎದೆ ತುಂಬ ಗಾಳಿ.

ಮೂರನೆಯ ಹಾಡಿನ ನಡುವೆ ಅವಳು ನಿಲ್ಲಿಸಿಬಿಟ್ಟಳು. ಮುಖ ಕೆಂಪಾಗಿತ್ತು. ನಿರ್ದೇಶಕಿ ನೀರು ಕೊಟ್ಟಳು, ಬೇಡ ಎಂದಳು. ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅಕ್ಕಾ, ಇದನ್ನ ಹಾಡೋಕೆ ಆಗ್ತಿಲ್ಲ. ಉಸಿರು ಸಾಲದೆ ಅಲ್ಲ, ಜಾಸ್ತಿಯಾಗಿ. ಎರಡು ಪದಕ್ಕೊಂದು ಸಲ ಉಸಿರು ತಗೋ ಅಂತ ಬರೆದಿದಾರೆ. ಮೊದಲು ತಗೊಂಡಿದ್ದೇ ಖರ್ಚಾಗಿರಲ್ಲ. ಹಳೇ ಗಾಳಿ ಒಳಗೇ ಕೂತು ಎದೆ ಬಿರಿಯೋ ಹಾಗಾಗತ್ತೆ. ಇದನ್ನ ಯಾರ ಉಸಿರಿಗೆ ಅಂತ ಬರೆದಿದಾರೆ?”

ಅವಳಿಗೆ ಅದು ಬರೀ ದೂರು. ನನಗೂ ಆಗ ಬರೀ ಒಂದು ಜಯ. ನೋಡಿ, ನಾನು ಮೊದಲೇ ಹೇಳಿರಲಿಲ್ಲವೇ ಎಂದು ಎಲ್ಲರ ಕಡೆ ತಿರುಗಿದೆ. ಚೀಲದಿಂದ ನನ್ನ ಮೊದಲ ಕರಡು ತೆಗೆದು ಹಾಲಿನ ಸಾಲನ್ನು ಗಂಟೆಗೆ ಕೊಟ್ಟೆ. ಅವಳು ನಿನ್ನ ಸ್ವರಗಳನ್ನೇ ಹಿಗ್ಗಿಸಿಕೊಂಡು ಇಡೀ ಸಾಲನ್ನು ಒಂದೇ ಎಳೆಗೆ ಹಾಡಿದಳು. ಮುಗಿಸಿದ ಮೇಲೂ ನಗಲು ಅವಳ ಬಳಿ ಉಸಿರು ಉಳಿದಿತ್ತು. ಕೆಳಗಿನ ಯಂತ್ರ ಅಷ್ಟು ಹೊತ್ತು ನಿಂತಿತ್ತೋ ಅಥವಾ ನನಗೆ ಕೇಳಿಸಲಿಲ್ಲವೋ ಗೊತ್ತಿಲ್ಲ. ಬಾಗಿಲು ಬಂತು, ಬೆಳಗು ಬಂತು, ಹಾಲೂ ಬಂತು. ನನ್ನ ಮಾತನ್ನು ಯಾರೋ ಕೊನೆಯವರೆಗೆ ಹೇಳಲು ಬಿಟ್ಟ ಹಾಗೆ ಸಂತೋಷವಾಯಿತು. ಅದನ್ನೂ ನಿನಗೆ ಹೇಳಿಬಿಡುವುದು ಒಳ್ಳೆಯದು.

ನಿರ್ದೇಶಕಿಗೆ ಅದು ಹಿಡಿಸಲಿಲ್ಲ. ಮೊಟಕು ಸಾಲೇ ಈ ಕೃತಿಯ ಜೀವ, ಅವರು ಬೇಕೆಂದೇ ಹಾಗೆ ಮಾಡಿದ್ದಾರೆ, ಬೇಕಾದರೆ ಕೇಳಿ ಎಂದು ನಿನ್ನ ಧ್ವನಿಮುದ್ರಣಗಳನ್ನು ಮೊದಲಿನಿಂದ ಹಾಕಿಸಿದಳು. ನಾನು ಅವನ್ನು ಯಾವತ್ತೂ ಕೇಳಿರಲಿಲ್ಲ. ನನ್ನ ಕರಾರಿನಲ್ಲಿ ನಿನ್ನ ದನಿ ಕೇಳುವುದು ಇರಲಿಲ್ಲ.

ಮೊದಲ ಹಾಡಿನಲ್ಲಿ ನೀನು ಹಾಡಿ ಮುಗಿಸಿ, ‘ಗಂಟಮ್ಮಾ, ಇದು ಕಾಗೆ ಹಾಡಿದ್ದು, ನೀನು ಕೋಗಿಲೆ ಮಾಡ್ಕೋ’ ಎಂದು ತಮಾಷೆ ಮಾಡುತ್ತೀಯ. ಎಲ್ಲರೂ ನಕ್ಕರು. ಎರಡನೆಯದರಲ್ಲಿ ತಮಾಷೆ ಇಲ್ಲ, ಸಾಲುಸಾಲಿಗೂ ನಡುವೆ ನೀನು ಗಾಳಿ ಎಳೆದುಕೊಳ್ಳುವುದು ಕೇಳಿಸುತ್ತದೆ. ಮೂರನೆಯದರಲ್ಲಿ ಎರಡು ಪದ, ಎಳೆತ, ಎರಡು ಪದ, ಎಳೆತ. ಹಿಂದಿನಿಂದ ಒಂದು ಸದ್ದು. ಟಕ್ ಎಂದು, ಆಮೇಲೆ ಸುಸ್ಸೆಂದು, ಮತ್ತೆ ಟಕ್. ಅದೇನು ಗಡಿಯಾರವೇ, ಕಲಿಯುವಾಗಲೂ ಕೇಳಿಸುತ್ತಿತ್ತು ಎಂದು ಗಂಟೆ ಕೇಳಿದಳು. ಹಳೇ ಫ್ಯಾನು ಇರಬೇಕು, ಅವರಿಗೆ ಎಷ್ಟು ಹೇಳಿದರೂ ಫ್ಯಾನು ಆರಿಸುವುದಿಲ್ಲ ಎಂದು ಕ್ಲಾರಿನೆಟ್ಟಿನವರು ಗೊಣಗಿದರು.

ನನ್ನ ಅಪ್ಪನ ಕೊನೆಯ ವರ್ಷ ಅವನ ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಆಡುತ್ತಿದ್ದ ಯಂತ್ರದ ಸದ್ದು ಅದು. ಕೋಣೆಯ ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿನ ಕೊಳವೆಗೆ ಕೊಡುವ ಯಂತ್ರ. ಅಪ್ಪನಿಗೆ ಅದನ್ನು ಹೊತ್ತು ತಂದು ಜೋಡಿಸಿಕೊಟ್ಟವನು ನೀನೇ. ಆ ಸದ್ದನ್ನು ನಾನು ಗುರುತು ಹಿಡಿಯಲಾರೆನೆಂದು ಹೇಗೆ ನಂಬಿದೆ? ಅಥವಾ ನಾನು ಕೇಳಿಸಿಕೊಳ್ಳುವುದೇ ಇಲ್ಲ ಎಂದು ನಿನಗೆ ಖಾತ್ರಿಯಿತ್ತೋ? ಇರಬೇಕು. ಕರಾರು ನನ್ನದೇ ತಾನೆ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಸಾಲು ಉದ್ದವಿರಬೇಕೋ ಮೊಟಕಿರಬೇಕೋ, ಮಾತಿನ ಒಡತಿಯೇ ಹೇಳಲಿ ಎಂದು. ಸೋಮವಾರ ಹೇಳುತ್ತೇನೆ ಎಂದು ಚೀಲ ಹಾಕಿಕೊಂಡು ಹೊರಟುಬಂದೆ. ಕೊಡೆ ಅಲ್ಲೇ ಬಿಟ್ಟೆ.

ಮನೆಗೆ ಬಂದವಳೇ ನಿನ್ನ ತಂಗಿಗೆ ಫೋನ್ ಮಾಡಿದೆ. ಆರು ವರ್ಷವಾದರೂ ಅವಳು ನನ್ನನ್ನು ಅತ್ತಿಗೆ ಎನ್ನುವುದು ಬಿಟ್ಟಿಲ್ಲ. ಅಣ್ಣನಿಗೆ ಏನಿಲ್ಲ, ಸ್ವಲ್ಪ ನೆಗಡಿ ಎಂದಳು. ಹಾಗಾದರೆ ಅವನ ಕೈಗೆ ಫೋನ್ ಕೊಡು ಎಂದೆ. ಆಗ ಅತ್ತಳು. ಶ್ವಾಸಕೋಶ ಒಣಗಿದ ಚರ್ಮದ ಹಾಗೆ ಗಟ್ಟಿಯಾಗುತ್ತಾ ಬರುವ ಕಾಯಿಲೆಯಂತೆ, ಗೊತ್ತಾಗಿ ವರ್ಷದ ಮೇಲಾಯಿತಂತೆ, ಮದ್ದು ಅದನ್ನು ನಿಧಾನ ಮಾಡುತ್ತದಷ್ಟೇ, ನಿಲ್ಲಿಸುವುದಿಲ್ಲವಂತೆ. ಶುಕ್ರವಾರ ತುಟಿ ನೀಲಿಯಾಗಿ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಮುಂದಿನ ತಿಂಗಳ ಮೊದಲ ಪ್ರದರ್ಶನದವರೆಗಾದರೂ ಇರುತ್ತಾನಾ ಎಂದು ನಾನು ಕೇಳಿದೆ. ಡಾಕ್ಟರು ಆ ಪ್ರಶ್ನೆಗೆ ಉತ್ತರ ಹೇಳಿಲ್ಲ ಎಂದಳು. ಯಾಕೆ ನನಗೆ ತಿಳಿಸಲಿಲ್ಲ ಎಂದು ರೇಗಿದೆ. ಆಣೆ ಹಾಕಿಸಿಕೊಂಡಿದ್ದಾನೆ ಎಂದು ನಿನ್ನ ಮಾತನ್ನು ಇದ್ದ ಹಾಗೇ ಒಪ್ಪಿಸಿದಳು: “ಅವಳಿಗೆ ಗೊತ್ತಾದ್ರೆ ಅಯ್ಯೋ ಪಾಪ ಅಂತ ತಾನೇ ಸಾಲು ಚಿಕ್ಕದು ಮಾಡಿ ಕಳಿಸ್ತಾಳೆ. ನನಗೆ ಅವಳ ಪಾಪ ಬೇಡ, ಜಗಳ ಬೇಕು. ಅವಳು ಜಗಳ ಆಡ್ತಾ ಬರೆದಿದ್ದೇ ಯಾವಾಗ್ಲೂ ಚೆನ್ನಾಗಿರೋದು.”

ನನಗೆ ಮೊದಲು ಬಂದದ್ದು ಸಿಟ್ಟು. ಅಳು ಆಮೇಲೆ. ನೀನು ಸಾಯಲು ಹೊರಟವನು, ನನ್ನ ಬರವಣಿಗೆ ಕೆಡಬಾರದೆಂದು ನನ್ನಿಂದ ಬೈಸಿಕೊಳ್ಳುತ್ತಾ ಕೂತೆಯಲ್ಲ, ಯಾರು ಕೊಟ್ಟರು ನಿನಗೆ ಈ ಅಧಿಕಾರ? ನಡೆಯಲು ಹೋಗು ಎಂದು ಬರೆದ ಆ ಕಾಗದವನ್ನು ಓದಿ ನೀನು ನಕ್ಕೆಯಾ? ನಕ್ಕಿರುತ್ತೀಯ. ಕೆಮ್ಮೂ ಬಂದಿರುತ್ತದೆ. ನನ್ನ ಕೋಪವನ್ನು ನನಗೆ ಹೇಳದೆ ಉಪಯೋಗಿಸಿಕೊಂಡೆ. ಇದೂ ಒಂದು ಬಗೆಯಲ್ಲಿ ನನ್ನ ಮಾತನ್ನು ನೀನೇ ಮುಗಿಸಿದ ಹಾಗೆಯೇ. ಆದರೆ ಅಂಚಿನಲ್ಲಿ ಪ್ರತಿ ಸಲವೂ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೀಯ, ಉಸಿರು ಸಾಲದು ಎಂದು. ಅದನ್ನು ನಾನು ವಿಮರ್ಶೆ ಎಂದು ಓದಿದೆ.

ಒಂದು ಮಾತು ಕೇಳಬೇಕು. ಗಂಟೆಯ ಉಸಿರು ನಿನ್ನದಲ್ಲ ಎಂಬುದು ನಿನಗೆ ಹೊಳೆಯಲೇ ಇಲ್ಲವೇ? ಮೂವತ್ತು ವರ್ಷ ಗಾಯಕರಿಗೆ ಸಂಗೀತ ಬರೆದವನು ನೀನು. ಪಿಯಾನೋ ಮುಂದೆ ಕೂತು, ಹಾಡಿ ನೋಡಿ, ಎಲ್ಲಿ ಉಸಿರು ನಿಂತಿತೋ ಅಲ್ಲಿಗೆ ಸಾಲು ಮುಗಿಯಿತು ಎಂದುಕೊಂಡೆ. ಎಲ್ಲರಿಗೂ ಅಷ್ಟೇ ಗಾಳಿ ಎಂದುಕೊಂಡೆ. ಎರಡು ದಿನದಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ.

ಈಗ ಕೆಲಸದ ಮಾತು. ನಿನ್ನ ಕಾಯಿಲೆಯ ಸುದ್ದಿ ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ನಿರ್ದೇಶಕಿ ಒಂದು ತಾಸು ಅತ್ತು, ಆಮೇಲೆ ಕೊನೆಯ ಹಾಡನ್ನು ಬೇರೆ ಯಾರಿಗಾದರೂ ಕೊಡುತ್ತಾಳೆ. ಅವಳದೂ ತಪ್ಪಲ್ಲ, ಸಭಾಂಗಣ ಗೊತ್ತುಮಾಡಿ ಆಗಿದೆ, ಟಿಕೆಟ್ ಅಚ್ಚಾಗುತ್ತಿದೆ. ಆದರೆ ಅದು ಬೇರೆಯವರ ಹಾಡಾಗಲು ನಾನು ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ಅವಳಿಗೆ ನನ್ನ ತೀರ್ಮಾನ ತಿಳಿಸಿಬಿಟ್ಟೆ. ಮೊದಲ ಮೂರು ಹಾಡುಗಳು ನೀನು ಕತ್ತರಿಸಿದ ಹಾಗೇ ಇರಲಿ, ಒಂದು ಪದವೂ ವಾಪಸ್ ಬರುವುದು ಬೇಡ. ಗಂಟೆಗೆ ಎದೆ ಬಿರಿಯುತ್ತದಲ್ಲ, ಬಿರಿಯಲಿ. ಕಾರಿಡಾರಿನಲ್ಲಿ ಕೂತು ಕಾಯುವವಳಿಗೆ ಆಗುವುದು ಅದೇ, ಹಳೆಯ ಗಾಳಿ ಹೊರಗೆ ಹೋಗುವುದಿಲ್ಲ, ಹೊಸದಕ್ಕೆ ಜಾಗವಿರುವುದಿಲ್ಲ. ಇದನ್ನು ನಾನು ಬುದ್ಧಿಯಿಂದ ಹೇಳುತ್ತಿಲ್ಲ, ಶನಿವಾರದಿಂದ ಅನುಭವಿಸಿ ಹೇಳುತ್ತಿದ್ದೇನೆ. ಗಂಟೆ ಒಪ್ಪಿದ್ದಾಳೆ. ಅಭ್ಯಾಸ ಮಾಡಿಕೊಳ್ತೀನಿ ಅಕ್ಕಾ ಎಂದಳು.

ಕೊನೆಯ ಹಾಡು ಮಾತ್ರ ಉದ್ದ. ಇಡೀ ಹಾಡು ಒಂದೇ ಸಾಲು, ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ‘ಇವನೇ’ಯೂ ಇಲ್ಲ, ‘ಅಲ್ಲ’ವೂ ಇಲ್ಲ. ನೀನೂ ಸೋತೆ, ನಾನೂ ಸೋತೆ. ಇಲ್ಲಿದೆ:

‘ಈ ದಾರ ನಾನು ಮೇಣ ಹಚ್ಚಿ ಎಳೆದದ್ದು ಈ ಹಿಮ್ಮಡಿಯ ಹತ್ತಿರ ಹೊಲಿಗೆ ತಪ್ಪಿದ್ದು ನೀನು ನಗಿಸಿದ ದಿನ ಬಿಚ್ಚಿ ಹಾಕುತ್ತೇನೆಂದರೆ ಇರಲಿ ಬಿಡೆಂದವನು ನೀನು ನನ್ನವನೆಂದು ನಾನು ಹೇಳುವ ಮೊದಲು ಇನ್ನೊಂದು ಗಳಿಗೆ ಇವನು ಯಾರವನೂ ಅಲ್ಲದೆ ಹೀಗೇ ಇರಲಿ.’

ಇದಕ್ಕೆ ಸ್ವರ ಹಾಕು. ಮಲಗಿದಲ್ಲೇ ಹಾಕು, ನಿನ್ನ ತಂಗಿ ಗೆರೆ ಕಾಗದ ತಂದುಕೊಡುತ್ತಾಳೆ. ಆದರೆ ಹಾಡಿ ನೋಡಬೇಡ. ಧ್ವನಿಮುದ್ರಣವೂ ಬೇಡ. ಕಣ್ಣಿನಲ್ಲೇ ಕೇಳಿಸಿಕೊಂಡು ಬರೆ, ಗಂಟೆ ಸ್ವರಲಿಪಿ ನೋಡಿ ಹಾಡಿಕೊಳ್ಳುತ್ತಾಳೆ. ಒಂದೇ ಉಸಿರಿಗೆ ಸಾಲುತ್ತದೆ, ನಾನು ಫೋನಿನಲ್ಲೇ ಅವಳಿಂದ ಹೇಳಿಸಿ ನೋಡಿದ್ದೇನೆ. ಇನ್ನೊಬ್ಬರ ಎದೆಯನ್ನು ನಂಬುವುದು ನಿನಗೆ ಕಷ್ಟ ಎಂದು ನನಗೆ ಗೊತ್ತು. ಈ ಒಂದು ಸಾಲನ್ನು ಮಾತ್ರ ಕತ್ತರಿಸಬೇಡ. ಕತ್ತರಿಸಿ ಕಳಿಸಿದರೆ ಹರಿದುಹಾಕುತ್ತೇನೆ, ಕಾಯಿಲೆಯವನೆಂದು ಬಿಡುವುದಿಲ್ಲ. ಬೇಕಾದರೆ ಜಗಳ ಆಡು. ನಿನಗೆ ಅದು ಬೇಕು ತಾನೆ, ಇನ್ನೂ ಬೇಕಾದಷ್ಟಿದೆ ನನ್ನ ಬಳಿ.

ನಾನು ನೋಡಲು ಬರುತ್ತೇನೆಂದು ಎದುರು ನೋಡಬೇಡ. ಮೂಗಿಗೆ ಕೊಳವೆ ಹಾಕಿಕೊಂಡು ಮಲಗಿರುವ ನಿನ್ನನ್ನು ನೋಡಲು ನನಗೆ ಹೆದರಿಕೆ. ಅಪ್ಪನನ್ನು ನೋಡಿ ಮುಗಿದಿದೆ, ಇನ್ನೊಮ್ಮೆ ಅದು ನನ್ನಿಂದ ಆಗದು. ಹಾಸಿಗೆ ಪಕ್ಕ ಕೂತು ಗಂಜಿ ಕುಡಿಸುವ ದೊಡ್ಡ ಗುಣ ನನ್ನಲ್ಲಿ ಮೊದಲೂ ಇರಲಿಲ್ಲ. ನೋಡಿದರೆ ನಿಜಕ್ಕೂ ಅಯ್ಯೋ ಪಾಪ ಎನಿಸಿಬಿಡುತ್ತದೆ, ನೀನು ಹೆದರಿದ್ದೂ ಅದಕ್ಕೇ ಅಲ್ಲವೇ. ನೀನು ಬದುಕಬೇಕೆಂದು ನನಗೆ ಬಹಳ ಆಸೆಯಿದೆ. ಅದು ಆಗುವುದಿಲ್ಲವೆಂದೂ ಗೊತ್ತು. ಇವೆರಡನ್ನೂ ಒಂದೇ ವಾಕ್ಯದಲ್ಲಿ ಬರೆಯಲು ನೋಡಿದೆ, ಬರಲಿಲ್ಲ.

ಇಲ್ಲಿ ಬೆಳಕು ಕಡಿಮೆಯಾಗುತ್ತಿದೆ. ನಿಲ್ಲಿಸುತ್ತೇನೆ.

ಹೆಸರಿನ ಹಿಂದೆ ‘ನಿನ್ನ’ ಎಂದು ಹಾಕಬೇಕೋ ಬೇಡವೋ ತಿಳಿಯದೆ,

ಮಾತು ಬರೆಯುವವಳು

ವಿ.ಸೂ.: ಇದನ್ನು ಮನೆಯಲ್ಲಿ ಕೂತು ಬರೆದದ್ದಲ್ಲ. ನಿನ್ನ ವಾರ್ಡಿನ ಬಾಗಿಲ ಹೊರಗೆ, ಗೋಡೆಗೆ ಒತ್ತಿ ಹಾಕಿದ ಬೆಂಚಿನ ಮೇಲೆ ಕೂತಿದ್ದೇನೆ. ನಿರ್ದೇಶಕಿಗೆ ಫೋನ್ ಮಾಡಿದ್ದೂ ಇಲ್ಲಿಂದಲೇ. ಯಾರಾದರೂ ಬಾಗಿಲು ತೆಗೆದಾಗ ನಿನ್ನ ಮಂಚದ ಕಾಲು, ಕಂಬಳಿಯ ತುದಿ ಕಾಣುತ್ತದೆ. ಒಳಗೆ ಬಿಡಬೇಕಾದರೆ ರೋಗಿಗೆ ಏನಾಗಬೇಕು ಎಂದು ಹೇಳಬೇಕಂತೆ. ನರ್ಸಮ್ಮ ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ, ನನ್ನ ಬಾಯಿಂದ ಏನೂ ಹೊರಡುತ್ತಿಲ್ಲ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನಾನು ನಿನಗೆ ಏನಾಗಬೇಕು ಎಂದು ನೀನೇ ಅವಳಿಗೆ ಹೇಳು. ಒಂದು ಪದ ಸಾಕು.